ಸಿಳ್ಳೆಗೆ ಇಳಿಯುವ ಪಾರಿವಾಳಗಳು

ವಿದ್ಯಾರಣ್ಯಪುರಕ್ಕೆ ಹೆಣ್ಣು ನೋಡಲು ಹೋದಾಗ ನಾಗೇಶ್ ತಾನು ಏರ್‌ಪೋರ್ಟಿನಲ್ಲಿ ಕೆಲಸಕ್ಕಿದ್ದೇನೆ ಎಂದಿದ್ದ. "ಏನ್ ಕೆಲ್ಸ?" ಎಂದಳು ಹುಡುಗಿ. "ಪೈಲಟ್‌ಗಿಂತ ಮುಂಚೆ ರನ್‌ವೇ ಹತ್ರ ನಾನೇ ಇರ್ತೀನಿ ಕಣ್ರೀ." ಸುಳ್ಳೇನಲ್ಲ. ಬಿ.ಕಾಂ. ಪಾಸಾದ ಆಸಾಮಿ ಗುತ್ತಿಗೆಯ ಮೇಲೆ ಹಕ್ಕಿ ಓಡಿಸುತ್ತಿದ್ದ. ಹೊಲದ ಬೆರ್ಚಪ್ಪನಿಗೂ ತನಗೂ ವ್ಯತ್ಯಾಸ ಪಿ.ಎಫ್. ಒಂದೇ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ.

ಯಲಹಂಕದ ಆಚೆಗಿನ ಆ ರನ್‌ವೇ ಮೇಲೆ ಬೆಳಿಗ್ಗೆ ಯುದ್ಧವಿಮಾನ, ಹತ್ತರ ಮೇಲೆ ಪ್ರಯಾಣಿಕರ ವಿಮಾನ. ಹಕ್ಕಿ ಮಾತ್ರ ಎರಡಕ್ಕೂ ವೈರಿ.

ಅಟ್ಟೂರಿನ ಮನೆಯ ತಾರಸಿಯಲ್ಲಿ ಅವನಪ್ಪ ಮುನಿಗಂಗಪ್ಪ ಒಂಬತ್ತು ಪಾರಿವಾಳ ಸಾಕಿದ್ದ. ನಾಗೇಶ್ ಎರಡು ಬೆರಳಿಟ್ಟು ಸಿಳ್ಳೆ ಹೊಡೆದರೆ ಎಲ್ಲಿದ್ದರೂ ಇಳಿದು ಬರುತ್ತಿದ್ದವು. ಕೆಲಸಕ್ಕೆ ಸೇರುವಾಗ 'ಮನೆಯಲ್ಲಿ ಹಕ್ಕಿ ಸಾಕಿಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿದ್ದ. ಸಿಕ್ಕಿಬಿದ್ದರೆ ಕೆಲಸ ಹೋದಂತೆಯೇ.

"ಗೂಡಿಂದ ಬಿಡ್ಬೇಡಪ್ಪಾ" ಎಂದು ದಿನಾ ಗೋಗರೆಯುತ್ತಿದ್ದ.

"ಆರ್ದೆ ಇದ್ರೆ ಅದುನ್ನ ಪಾರ್ವಾಳ ಅಂತಾರೇನ್ಲಾ? ಕೋಳಿ ಅಂತಾರೆ."

ಒಂದು ಗುರುವಾರ, ವಿಮಾನ ಇಳಿಯಲು ಹದಿನೈದು ನಿಮಿಷವಿದೆ ಎನ್ನುವಾಗ, ಒಂಬತ್ತೂ ರನ್‌ವೇ ಮೇಲೆ ಸುತ್ತತೊಡಗಿದವು. ನಾಗೇಶ್ ಪಟಾಕಿ ಹೊಡೆದ. ಅವು ಕ್ಯಾರೇ ಎನ್ನದೆ, ಅವನ ಗುರುತು ಹಿಡಿದು, ಅವನ ನೆತ್ತಿಯ ಮೇಲೇ ಸುತ್ತಿದವು.

ಸೂಪರ್‌ವೈಸರ್ ವಿಜಯ್ ಕುಮಾರ್ ಬಂದೂಕು ಹಿಡಿದು ಜೀಪಿನಿಂದಿಳಿದ. ಹಕ್ಕಿಗಳು ಗುರಿಗೆ ಸಿಗದಷ್ಟು ಎತ್ತರದಲ್ಲಿದ್ದವು.

"ನಿನ್ ನೆಂಟ್ರೇನೋ ಮಗಾ? ಬಿಟ್ಟೇ ಹೋಗ್ತಿಲ್ವಲ್ಲ?"

"ಇಲ್ಲ ಸರ್."

"ಹೋದ್ ವಾರ ನಿಮ್ಮನೆ ಎದುರಿಗೇ ಟೀ ಕುಡ್ದೆ ಕಣೋ. ನಿನ್ ಸಿಳ್ಳೆ ಕೇಳ್ದೆ, ಚೆನ್ನಾಗ್ ಹೊಡೀತೀಯ." ತೋಟಾ ತುಂಬಿದ. "ಈಗ್ಲೂ ಹೊಡಿ. ಕೆಳಗ್ ಬರ್ಲಿ."

"ಸರ್, ಐದು ನಿಮಿಷ ಕೊಡಿ, ಮನೆ ಕಡೆ ಓಡಿಸ್ತೀನಿ..."

"ನೀನ್ ಸಹಿ ಹಾಕಿರೋ ಕಾಗದ ನನ್ ಹತ್ರ ಇದೆ. ಸಿಳ್ಳೆನೋ, ರಾಜೀನಾಮೆನೋ?"

ನಾಗೇಶನ ಕಣ್ಮುಂದೆ ಬಂದದ್ದು ಅಪ್ಪನಲ್ಲ, ಕುತ್ತಿಗೆಯಲ್ಲಿ ನೇತಾಡುವ ತನ್ನ ಐಡಿ ಕಾರ್ಡು. ಬೆರಳು ಬಾಯಿಗಿಟ್ಟ.

ಒಂಬತ್ತೂ ರೆಕ್ಕೆ ಮಡಿಸಿ ಇಳಿದವು. ಬಿಳಿಯದು ಹೆಗಲೇರಿತು, ಉಳಿದವು ಹುಲ್ಲಿನ ಮೇಲೆ ಕಾಳಿಗೆ ಕಾದವು.

"ಪಕ್ಕಕ್ಕೆ ಸರಿ."

ಗುಂಡಿನ ಸದ್ದಿಗೆ ಮೂರು ಹಾರಿದವು. ಆದರೆ ದೂರ ಹೋಗಲಿಲ್ಲ. ಗಾಬರಿಯಲ್ಲಿ ನಾಗೇಶನ ಹತ್ತಿರಕ್ಕೇ ವಾಪಸ್ ಬಂದವು. ವಿಜಯ್ ಕುಮಾರನಿಗೆ ಸುಲಭವಾಯಿತು.

"ಹೆಗಲ ಮೇಲಿರೋದಕ್ಕೆ ತೋಟಾ ದಂಡ. ಕೈಯಲ್ಲೇ ಮುಗಿಸು ಗುರು."

ಮುಗಿಸಿದ. ಅದು ಕೊಸರಾಡಲೂ ಇಲ್ಲ; ಆ ಕೈಯ ಅಭ್ಯಾಸ ಅದಕ್ಕಿತ್ತು. ಗೋಣಿಚೀಲದ ಬಾಯಿ ಕಟ್ಟುವಷ್ಟರಲ್ಲಿ ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು.

ಸಂಜೆ ಅಪ್ಪ ತಾರಸಿಯಲ್ಲಿ ರಾಗಿ ಚೆಲ್ಲಿ ನಿಂತಿದ್ದ. "ಒಂದೂ ಬಂದಿಲ್ಲ ಕಣ್ಲಾ. ನಂದು ಬೊಚ್ಚು ಬಾಯಿ, ಸಿಳ್ಳೆ ಬರಾಕಿಲ್ಲ. ನೀನೊಂದ್ ಸಲ ಒಡಿ. ನಿಂದಾದ್ರೆ ಎಲ್ಲಿದ್ರೂ ಬತ್ತವೆ."

ನಾಗೇಶ್ ಸೋಪು ಹಾಕಿ ಎರಡು ಸಲ ತೊಳೆದಿದ್ದ ಬೆರಳುಗಳನ್ನು ಬಾಯಿಗಿಟ್ಟು ಊದಿದ.

"ಇನ್ನೂ ಗಟ್ಟಿಯಾಗ್ ಒಡಿ," ಎಂದ ಅಪ್ಪ, ಯಲಹಂಕದ ಕಡೆ ನೋಡುತ್ತ.