ಎರಡು ವರ್ಷ ಕೊಯ್ಯಬಾರದ ಗಿಡ

ಬಸವೇಶ್ವರನಗರದ ಮನೆ ಬಿಟ್ಟು ಗೋವಿಂದರಾಜನಗರದ ಬಾಡಿಗೆ ಮನೆಗೆ ಬಂದಾಗ ನನಗೆ ನಲವತ್ತೇಳು. ಹತ್ತೊಂಬತ್ತು ವರ್ಷದ ದಾಂಪತ್ಯ ಜಗಳವಿಲ್ಲದೆ ಮುಗಿದಿತ್ತು. ಜಗಳವಾಡುವಷ್ಟು ಮಾತೂ ಉಳಿದಿರಲಿಲ್ಲ. ಮಕ್ಕಳಿರಲಿಲ್ಲ. ಎರಡನೇ ಮಹಡಿಯಲ್ಲಿ ಒಂದು ರೂಮು, ಅಡುಗೆಮನೆ, ಬಾಗಿಲು ತೆರೆದರೆ ತಾರಸಿ. ವಾರವಿಡೀ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಶನಿವಾರ ಮಧ್ಯಾಹ್ನ ಮನೆ ಸೇರಿದರೆ ಸೋಮವಾರ ಬೆಳಗಿನ ಪ್ರಾರ್ಥನೆಯವರೆಗೆ ಯಾರೊಂದಿಗೂ ಮಾತಿಲ್ಲ. ಮೊದಲ ಪೀರಿಯಡ್ಡಿನಲ್ಲಿ ಎರಡು ಸಲ ಕೆಮ್ಮಿ ಪಾಠ ಶುರು ಮಾಡುತ್ತಿದ್ದೆ.

ಆ ವರ್ಷ ನಮ್ಮ ಶಾಲೆಯ ಹಿಂದಿ ಟೀಚರ್ ವಿದೇಶದಲ್ಲಿದ್ದ ತಂಗಿಯ ಮನೆಗೆ ಹೋಗಿ ಬಂದರು. ಎಲ್ಲರಿಗೂ ಚಾಕೊಲೇಟ್ ಹಂಚಿ, ನನಗೊಂದು ಬೀಜದ ಪೊಟ್ಟಣ ಕೊಟ್ಟರು. "ನಿಮ್ ತಾರಸಿ ಖಾಲಿ ಇದೆಯಲ್ಲ ಮೇಡಂ, ಹಾಕಿ ನೋಡಿ" ಎಂದರು.

ಆಸ್ಪರಾಗಸ್ ಬೀಜ. ದೊಡ್ಡ ಅಂಗಡಿಗಳಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿರುತ್ತಾರಲ್ಲ, ಪೆನ್ಸಿಲ್ ದಪ್ಪದ ಹಸಿರು ದಂಟು, ಅದು. ನಾನು ತಿಂದಿರಲಿಲ್ಲ. ಪೊಟ್ಟಣದ ಹಿಂದೆ ಬರೆದಿತ್ತು: ಮೊದಲ ಎರಡು ವರ್ಷ ಕೊಯ್ಯಬಾರದು, ಬಂದದ್ದನ್ನೆಲ್ಲ ಬೆಳೆಯಲು ಬಿಟ್ಟರೆ ಬೇರು ಬಲಿಯುತ್ತದೆ, ಮೂರನೇ ವರ್ಷ ಎರಡು ವಾರ ಮಾತ್ರ ಕೊಯ್ಯಬಹುದು. ಅದನ್ನು ಓದಿದ ಮೇಲೆಯೇ ಹಾಕಬೇಕು ಅನ್ನಿಸಿದ್ದು. ನನ್ನನ್ನು ಕಾಯುವವರು ಯಾರೂ ಇರಲಿಲ್ಲ. ನಾನಾದರೂ ಏನನ್ನಾದರೂ ಕಾಯೋಣ ಎಂದುಕೊಂಡೆ.

ಮೈಸೂರು ರಸ್ತೆಯ ಗುಜರಿಯಲ್ಲಿ ಎರಡು ನೀಲಿ ಡ್ರಮ್ಮುಗಳನ್ನು ಅಡ್ಡಕ್ಕೆ ಕೊಯ್ಯಿಸಿ, ನಾಲ್ಕು ತೊಟ್ಟಿ ಮಾಡಿಸಿ, ಆಟೋದಲ್ಲಿ ತಂದೆ. ಕೆಮ್ಮಣ್ಣು, ಮರಳು, ಸಗಣಿ ಗೊಬ್ಬರ ತುಂಬಿದೆ. ನೆನೆಸಿಟ್ಟ ಬೀಜ ಮೊಳೆಯಲು ಮೂರು ವಾರಕ್ಕೂ ಹೆಚ್ಚು ಹಿಡಿಯಿತು. ದಾರದಂಥ ಎಳೆಗಳು ಎದ್ದು, ನಾಲ್ಕೈದು ತಿಂಗಳು ಕಳೆಯುವಷ್ಟರಲ್ಲಿ ಮೊಣಕಾಲೆತ್ತರ ಕವಲೊಡೆದವು.

ಕೆಳಗಿನ ಮನೆಯಲ್ಲಿ ಓನರ್ ಆಂಟಿ ಇದ್ದರು. ದಾವಣಗೆರೆ ಕಡೆಯವರು. ಗಂಡ ತೀರಿಕೊಂಡ ಮೇಲೆ ನಾಲ್ಕು ಹೆಂಗಸರನ್ನು ಇಟ್ಟುಕೊಂಡು ಜೋಳದ ರೊಟ್ಟಿ ಮಾಡಿಸಿ ಅಂಗಡಿಗಳಿಗೆ ಕೊಡುತ್ತಿದ್ದರು. ಬೆಳಗಿನಿಂದ ರೊಟ್ಟಿ ತಟ್ಟುವ ಸದ್ದು, ನಗು, ಮಾತು ಮೇಲಕ್ಕೆ ಕೇಳುತ್ತಿತ್ತು. ಒಂದು ದಿನ ಸಂಡಿಗೆ ಒಣಗಿಸಲು ಬಂದವರು ಡ್ರಮ್ಮಿನ ಮುಂದೆ ನಿಂತರು.

"ಇದೇನ್ರೀ ಟೀಚರ್, ಸಬ್ಬಸಿಗೆ ಹಚ್ಚೀರೇನು?"

ಅಲ್ಲ ಎಂದು ಹೇಳಿ, ಶತಾವರಿಯ ಸಂಬಂಧಿ ಎಂದು ವಿವರಿಸಿದೆ.

"ಓ, ನಮ್ಮ ಕಡೆ ಅದಕ್ಕ ಹಲವು ಮಕ್ಕಳ ತಾಯಿ ಬೇರು ಅಂತಾರ," ಎಂದರು. ಹಾಗೆಂದವರೇ ನನ್ನ ಮುಖ ನೋಡಿದರು. ಸಂಡಿಗೆಯ ಪ್ಲಾಸ್ಟಿಕ್ ಹಾಳೆಯ ಅಂಚು ಸರಿಮಾಡಿ ಇಳಿದುಹೋದರು. ನನಗೆ ಬೇಸರವಾಗಿರಲಿಲ್ಲ. ಆದರೆ ಅದನ್ನು ಅವರಿಗೆ ಹೇಳಲಿಲ್ಲ.

ಎರಡನೇ ವರ್ಷ ಗಿಡ ಎದೆಯೆತ್ತರವಾಯಿತು. ಬೆಳಿಗ್ಗೆ ಎಲೆಗಳ ತುಂಬ ಮಂಜಿನ ಹನಿ. ಕಾಫಿ ಲೋಟ ಹಿಡಿದು ಅಲ್ಲೇ ಕೂರುತ್ತಿದ್ದೆ.

ಗೌರಿ ಹಬ್ಬದ ಹಿಂದಿನ ದಿನ ಶಾಲೆಯಿಂದ ಬಂದಾಗ ಒಂದೂ ಗಿಡವಿರಲಿಲ್ಲ. ನಾಲ್ಕು ತೊಟ್ಟಿಯಲ್ಲೂ ಮೋಟು ಮಾತ್ರ. ಕೆಳಗೆ ಹೋಗಿ ನೋಡಿದರೆ ಆಂಟಿಯ ಮನೆಯಲ್ಲಿ ಗೌರಿಯ ಮಂಟಪಕ್ಕೆ ನನ್ನ ಗಿಡದ ಹಸಿರು ಕಟ್ಟುತ್ತಿದ್ದರು.

"ಬರ್ರಿ ಟೀಚರ್, ಎಷ್ಟು ಚೆಂದ ಕಾಣ್ತದ ನೋಡ್ರಿ. ಹೂವಿನ ಅಂಗಡ್ಯಾಗ ಇಂಥದ್ದು ಸಿಗೂದಿಲ್ಲ."

"ಒಂದು ಮಾತು ಕೇಳಬೇಕಿತ್ತು ನೀವು," ಎಂದೆ. "ಎಲೆ ಇಲ್ಲದಿದ್ರೆ ಬೇರು ಸಾಯುತ್ತೆ."

ಕೆಲಸದ ಹೆಂಗಸರು ಕೈ ನಿಲ್ಲಿಸಿದರು. ಆಂಟಿಯ ಮುಖ ಸಪ್ಪಗಾಯಿತು.

"ತಪ್ಪಾತು," ಎಂದರು. ಕೈಯಲ್ಲಿದ್ದ ಹಸಿರನ್ನು ಕೆಳಗಿಟ್ಟು ಸೇರಿಸಿದರು: "ಆದ್ರ ಕೇಳಾಕ ನೀವೆಲ್ಲಿ ಸಿಗ್ತೀರಿ? ಎಷ್ಟು ಸಲ ಕರೆದೆ. ಒಂದು ದಿನ ಇಲ್ಲಿ ಬಂದು ಕುಂತೀರೇನು?"

ನಾನು ಮೇಲೆ ಬಂದೆ. ಮರುದಿನ ಹಬ್ಬಕ್ಕೆ ಕರೆ ಬಂತು, ತಲೆನೋವೆಂದು ಹೇಳಿಕಳಿಸಿದೆ. ಸಂಜೆ ಅರಿಶಿನ ಕುಂಕುಮಕ್ಕೆ ಬಂದವರ ಚಪ್ಪಲಿಗಳು ಮೆಟ್ಟಿಲವರೆಗೂ ಇದ್ದವು. ಮೇಲೆ ಕೂತು ಅವರು ಹಾಡುವುದನ್ನು ಕೇಳಿಸಿಕೊಂಡೆ. ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು. ಅವರು ಹೇಳಿದ ಮಾತು ಮಾತ್ರ ಹೋಗಲಿಲ್ಲ. ಬೇಡವೆಂದು ಬಾಗಿಲು ಹಾಕಿಕೊಂಡವಳು ನಾನೇ, ಯಾರೂ ತಟ್ಟಲಿಲ್ಲವೆಂದು ಕೊರಗಿದವಳೂ ನಾನೇ.

ಎರಡು ತೊಟ್ಟಿಯ ಬೇರು ಕೊಳೆಯಿತು. ಉಳಿದೆರಡರಲ್ಲಿ ಬಡಕಲು ಕವಲು ಬಂದು, ಡಿಸೆಂಬರಿನಲ್ಲಿ ಹಳದಿಯಾಗಿ ಒಣಗಿತು. ಕತ್ತರಿಸಿ, ನೀರು ಕಡಿಮೆ ಮಾಡಿ, ಮೇಲೆ ಗೊಬ್ಬರ ಹರಡಿದೆ. ಮೂರನೇ ವರ್ಷದ ಫೆಬ್ರವರಿಯಲ್ಲಿ ಮತ್ತೆ ನೀರು ಹಾಕತೊಡಗಿದೆ. ಒಂದು ಭಾನುವಾರ ಬೆಳಿಗ್ಗೆ ಮಣ್ಣು ಸೀಳಿಕೊಂಡು ನೇರಳೆ ತುದಿಯೊಂದು ಕಂಡಿತು. ಮುಂದಿನ ಭಾನುವಾರಕ್ಕೆ ಗೇಣುದ್ದದ ಒಂಬತ್ತು ದಂಟು. ಬುಡಕ್ಕೆ ಚಾಕು ಹಚ್ಚಿ ಕತ್ತರಿಸಿದೆ. ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ಕೆಳಗಿಳಿದೆ.

ಆಂಟಿ ಒಬ್ಬರೇ ಇದ್ದರು. ತಟ್ಟೆ ನೋಡಿ ಒಳಗೆ ಕರೆದರು. ಹೆಚ್ಚಿ, ಸಾಸಿವೆ ಒಗ್ಗರಣೆ ಕೊಟ್ಟು, ಕಡಲೆಬೀಜದ ಪುಡಿ ಉದುರಿಸಿ ಪಲ್ಯ ಮಾಡಿದರು. ಜಾಸ್ತಿಯೇ ಬೆಂದುಬಿಟ್ಟಿತು. ಬಿಸಿ ರೊಟ್ಟಿಯ ಜೊತೆ ಇಬ್ಬರೂ ತಿಂದೆವು. ತಲಾ ಮೂರು ತುತ್ತು ಬಂದಿರಬಹುದು.

"ಇದಕ್ಕ ಇಷ್ಟು ವರ್ಷ ಕಾದೀರೇನು?" ಎಂದರು.

ನಗು ಬಂತು. ಅವರೂ ನಕ್ಕರು. ನಂತರ ರೊಟ್ಟಿಯ ಹಿಟ್ಟಿನ ಬಗ್ಗೆ, ಅವರ ಮೊಣಕಾಲು ನೋವಿನ ಬಗ್ಗೆ ಮಾತಾಡಿದೆವು. ಸುಮಾರು ಒಂದು ಗಂಟೆ ಕೂತಿದ್ದೆ.

ಆಮೇಲೆ ಒಂಟಿತನ ಹೋಯಿತು ಎಂದರೆ ಸುಳ್ಳಾಗುತ್ತದೆ. ಈಗಲೂ ಎಷ್ಟೋ ಭಾನುವಾರ ಕೆಳಗೆ ಹೋಗಬೇಕೆಂದುಕೊಂಡು ಹೋಗದೆ ಉಳಿಯುತ್ತೇನೆ. ಆ ವರ್ಷ ಕೊಯ್ಲಿನ ಎರಡನೇ ವಾರ ಇನ್ನೈದು ದಂಟು ಸಿಕ್ಕವು. ಅವನ್ನು ತೊಳೆದು, ತಾರಸಿಯ ಕಟ್ಟೆಗೆ ಒರಗಿ, ಹಸಿಯಾಗಿಯೇ ಒಂದೊಂದಾಗಿ ತಿಂದೆ. ಎಳೆ ಬಟಾಣಿಯಂಥ ಸಿಹಿ ಇತ್ತು. ಪೊಟ್ಟಣ ಹೇಳಿದ ಎರಡು ವಾರ ಮುಗಿದಿತ್ತು, ಆಮೇಲೆ ಬಂದವನ್ನು ಕೊಯ್ಯಲಿಲ್ಲ.