ಹಳೆಯ ಡಿಸ್ಕಿನಲ್ಲಿದ್ದ ಮಕ್ಕಳು

ಶಿವಮೊಗ್ಗದ ಆ ರಕ್ತನಿಧಿ ಕೇಂದ್ರಕ್ಕೆ ಸುಮನಾ ಮೊದಲ ಸಲ ಬಂದದ್ದು ಮಗಳನ್ನು ಎತ್ತಿಕೊಂಡು. ಮಗಳು ತನುಜಾಗೆ ಥಲಸ್ಸೀಮಿಯಾ. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಕಾಯಿಲೆ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸದಿದ್ದರೆ ಮಗು ಬಿಳಚಿಕೊಂಡು, ಆಟ ಬಿಟ್ಟು, ಗೋಡೆಗೊರಗಿ ಕೂತುಬಿಡುತ್ತಿತ್ತು. ಸುಮನಾ ಮದುವೆಯಾದದ್ದು ಸೋದರಮಾವನ ಮಗ ಉಜ್ಜನಪ್ಪನನ್ನು. ಹೊಳಲೂರಿನವನು, ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ತೂಕದ ಕೆಲಸಕ್ಕಿದ್ದ. ಇಬ್ಬರಲ್ಲೂ ಅರ್ಧರ್ಧ ಅಡಗಿ ಕೂತಿದ್ದ ದೋಷ ಮಗಳಲ್ಲಿ ಪೂರ್ತಿಯಾಗಿದೆ ಎಂದು ಡಾಕ್ಟರು ಬಿಡಿಸಿ ಹೇಳಿದ ದಿನ, ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಬಂದಿದ್ದರು.

ಕೇಂದ್ರದ ಕಂಪ್ಯೂಟರುಗಳನ್ನು ಆಗ ವಾದಿರಾಜ ಎಂಬವರು ನೋಡಿಕೊಳ್ಳುತ್ತಿದ್ದರು. ಭದ್ರಾವತಿಯ ನ್ಯೂ ಟೌನಿನವರು. ಅಲ್ಲಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದು, ಕೆಲಸ ಹೋದ ಮೇಲೆ ಇಲ್ಲಿಗೆ ಸೇರಿದ್ದರು. ಮಗಳಿಗೆ ರಕ್ತ ಏರುವಷ್ಟು ಹೊತ್ತೂ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ ಸುಮನಾಳನ್ನು ಒಂದು ದಿನ ಅವರೇ ಮಾತಾಡಿಸಿದರು.

"ಏನು ಓದಿದ್ದೀಯಮ್ಮ?"

"ಕಂಪ್ಯೂಟರ್ ಡಿಪ್ಲೊಮಾ ಸಾರ್. ಭದ್ರಾವತಿಲೇ ಓದಿದ್ದು. ಎಲ್ಲಾ ಮರ್ತೋಗಿದೆ."

"ಮರ್ತಿದ್ದನ್ನ ನೆನಪು ಮಾಡ್ಕೊಂಡ್ರಾಯ್ತು ಮಾರಾಯ್ತಿ. ಹೆಂಗೂ ಇಲ್ಲೇ ಕೂತಿರ್ತೀಯ. ಬಾ, ಈ ಕುರ್ಚಿ ಮೇಲೆ ಕೂತ್ಕೋ."

ಹಾಗೆ ಕೂತವಳು ಅಲ್ಲೇ ಉಳಿದಳು. ಯಾವ ಮಗುವಿಗೆ ಯಾವತ್ತು ಯಾವ ರಕ್ತ ಏರಿತು, ಯಾವುದು ಒಗ್ಗದೆ ಚಳಿ ಜ್ವರ ಬಂತು, ಯಾವ ಕೈಯಲ್ಲಿ ನರ ಸಿಕ್ಕುತ್ತದೆ, ಎಲ್ಲವನ್ನೂ ವಾದಿರಾಜರು ಕಟ್ಟಿದ ಡೇಟಾಬೇಸಿಗೆ ತುಂಬುವುದು ಅವಳ ಕೆಲಸವಾಯಿತು. ಅವರು ಯಾವ ತಂತ್ರಾಂಶವನ್ನೂ ಸಿದ್ಧರೂಪದಲ್ಲಿ ತಂದು ಹಾಕುವವರಲ್ಲ. ಬರೆದವರು ಬರೆದಿಟ್ಟ ಮೂಲ ಸಂಕೇತವನ್ನೇ ತಂದು, ತಮ್ಮ ಯಂತ್ರದ ಮೇಲೆಯೇ ಕಂಪೈಲ್ ಮಾಡಿ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತಿರುಗಿಸಿ, ಕಟ್ಟಬೇಕು. ಕಟ್ಟುವಾಗ ಪರದೆಯ ತುಂಬ ತಪ್ಪುಗಳು ಸುರಿದರೆ ಸುಮನಾ ಗಾಬರಿಯಾಗುತ್ತಿದ್ದಳು. "ಕೊನೇ ತಪ್ಪು ನೋಡ್ಬೇಡ, ಮೊದಲನೇದು ನೋಡು," ಎನ್ನುತ್ತಿದ್ದರು ಅವರು. "ಮೊದಲನೇದು ನಿಜ ಹೇಳುತ್ತೆ. ಮಿಕ್ಕಿದ್ದೆಲ್ಲ ಅದರ ಹಿಂದೆ ಬಿದ್ದ ಗಲಾಟೆ."

ತನುಜಾ ಹದಿನಾರಕ್ಕೆ ಕಾಲಿಟ್ಟ ವರ್ಷ ತೀರಿಕೊಂಡಳು. ಏರಿಸಿದ ರಕ್ತದಲ್ಲಿನ ಕಬ್ಬಿಣವೆಲ್ಲ ಹೃದಯದಲ್ಲಿ ಕೂತುಬಿಟ್ಟಿತ್ತು. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಸುಮನಾ ಕೆಲಸಕ್ಕೆ ಬಂದಾಗ ವಾದಿರಾಜರು ಅವಳ ಕುರ್ಚಿಯ ಪಕ್ಕ ನಿಂತು, "ಅದೊಂದು ಎಂಟ್ರಿ ನಾನು ಮಾಡ್ತೀನಮ್ಮ, ನೀನು ಚಾ ಕುಡ್ಕೊಂಡು ಬಾ," ಎಂದರು. ಸುಮನಾ ಬೇಡವೆಂದು ತಲೆಯಾಡಿಸಿದಳು. ಮಗಳ ಹೆಸರಿನ ಮುಂದೆ, ಸ್ಥಿತಿ ಎಂಬ ಕಾಲಮಿನಲ್ಲಿ, ತೀರಿಕೊಂಡವರಿಗೆಂದು ಇದ್ದ ಒಂದು ಅಕ್ಷರವನ್ನು ತಾನೇ ಒತ್ತಿದಳು. ಆಮೇಲೆ ಸಾಲಿನಲ್ಲಿ ಮುಂದೆ ನಿಂತಿದ್ದ ಮಗುವಿನ ಹೆಸರು ಕೇಳಿದಳು.

ಮನೆಯಲ್ಲಿ ಉಜ್ಜನಪ್ಪ ಅವತ್ತಿನಿಂದ ಮಗಳ ಹೆಸರೆತ್ತಲಿಲ್ಲ. ಇವಳೂ ಎತ್ತಲಿಲ್ಲ. ಜಗಳವೇನೂ ಇರಲಿಲ್ಲ. ಬೆಳಿಗ್ಗೆ ಎದ್ದು ರೊಟ್ಟಿ, ಸಂಜೆ ಬಂದು ಅನ್ನ ಸಾರು, ನಡುವೆ ತರಕಾರಿ ಬೆಲೆಯ ಮಾತು. ವರ್ಷಗಳು ಹಾಗೆಯೇ ಕಳೆದವು. ವಾದಿರಾಜರಿಗೆ ಒಂದು ದಿನ ಪಾರ್ಶ್ವವಾಯು ಬಡಿದು ಮಾತು ನಿಂತುಹೋಯಿತು. ಅವರ ಕೆಲಸವೂ ಸುಮನಾಳ ತಲೆಗೇ ಬಂತು.

ಹೋದ ಮಳೆಗಾಲದಲ್ಲಿ ಹಳೆಯ ಯಂತ್ರ ಕೆಟ್ಟು ಕೂತಿತು. ಗುಂಡಿ ಒತ್ತಿದರೆ ಫ್ಯಾನು ಕೂಡ ತಿರುಗಲಿಲ್ಲ. ಡಿಸ್ಕು ಮಾತ್ರ ಜೀವಂತವಿತ್ತು. ಬ್ಯಾಕಪ್ ಪ್ರತಿಗಳನ್ನು ಇಡುವ ಜಾಗ ತುಂಬಿಹೋಗಿ, ಬಹಳ ದಿನಗಳಿಂದ ಪ್ರತಿಯೇ ಆಗಿಲ್ಲವೆಂಬುದು ಆಗ ಗೊತ್ತಾಯಿತು. ವಾರ್ಡಿಗೆ ಬರುವ ಮಕ್ಕಳಲ್ಲಿ ಕೆಲವರಿಗೆ ಎಲ್ಲ ರಕ್ತವೂ ಒಗ್ಗುವುದಿಲ್ಲ. ಯಾರಿಗೆ ಯಾವುದು ಒಗ್ಗದು ಎಂಬ ವಿವರ ಪೂರ್ತಿಯಾಗಿ ಇದ್ದದ್ದು ಆ ಡಿಸ್ಕಿನಲ್ಲೇ. ವೈದ್ಯಾಧಿಕಾರಿ ಪ್ರಿಯಂವದಾ ಮೇಡಂ ಅವಳನ್ನು ಕರೆದು ಕೇಳಿದರು.

"ಹೊರಗಡೆಯವರಿಗೆ ಕೊಡೋಣ್ವಾ ಸುಮನಾ, ಅಥವಾ ನಿನ್ನ ಕೈಲಾಗುತ್ತಾ?"

"ನೋಡ್ತೀನಿ ಮೇಡಂ."

ಹೊಸ ಯಂತ್ರದಲ್ಲಿದ್ದ ಡೇಟಾಬೇಸು ಹೊಸ ಆವೃತ್ತಿಯದು. ಹಳೆಯ ಕಡತಗಳನ್ನು ಓದಲು ಅದು ಒಪ್ಪಲಿಲ್ಲ. ಅದೇ ಹಳೆಯ ಆವೃತ್ತಿ ಬೇಕಿತ್ತು. ವಾದಿರಾಜರು ಇಟ್ಟಿದ್ದ, ಪೋಸ್ಟ್‌ಗ್ರೆಸ್ ಎಂಬ ಆ ಡೇಟಾಬೇಸ್ ತಂತ್ರಾಂಶದ ಮೂಲ ಸಂಕೇತ ಡಿಸ್ಕಿನಲ್ಲೇ ಸಿಕ್ಕಿತು. ಸುಮನಾ ಅದನ್ನು ಹೊಸ ಯಂತ್ರದ ಮೇಲೆ ಕಟ್ಟಲು ಕೂತಳು.

ಶುರುವಿನಲ್ಲೇ ನಿಂತುಹೋಯಿತು. ರೀಡ್‌ಲೈನ್ ಎಂಬ ಲೈಬ್ರರಿ ಸಿಗುತ್ತಿಲ್ಲ ಎಂದಿತು. ದೊಡ್ಡ ತಂತ್ರಾಂಶವೊಂದು ಎಲ್ಲವನ್ನೂ ತಾನೇ ಮಾಡುವುದಿಲ್ಲ, ಬೇರೆಯವರು ಬರೆದಿಟ್ಟ ತುಣುಕುಗಳನ್ನು ನೆಚ್ಚಿಕೊಂಡಿರುತ್ತದೆ. ಆ ತುಣುಕುಗಳಿಗೇ ಲೈಬ್ರರಿ ಎನ್ನುವುದು. ಹುಡುಕಿದರೆ ರೀಡ್‌ಲೈನ್ ಯಂತ್ರದಲ್ಲಿ ಇತ್ತು. ಓಡಿಸಲು ಬೇಕಾದ ಭಾಗ ಇತ್ತು, ಕಟ್ಟಲು ಬೇಕಾದ ಭಾಗ ಇರಲಿಲ್ಲ. ಅದನ್ನು ತಂದು ಹಾಕಿದಳು. ಮುಂದೆ ಹೋಗಿ ಜೆಡ್‌ಲಿಬ್ ಎಂಬ ಇನ್ನೊಂದು ಲೈಬ್ರರಿ ಇಲ್ಲವೆಂದಿತು. ಅದನ್ನೂ ಹಾಕಿದಳು. ಕೊನೆಗೆ ಇಡೀ ತಂತ್ರಾಂಶ ಕಟ್ಟಿ ಮುಗಿದು, ಓಡಿಸಲು ಹೋದರೆ ತನ್ನದೇ ಒಂದು ಲೈಬ್ರರಿ ಕಾಣುತ್ತಿಲ್ಲವೆಂದು ಹಟ ಹಿಡಿಯಿತು. ಎದುರಿನ ಫೋಲ್ಡರಿನಲ್ಲೇ ಇತ್ತು ಅದು. ಎಲ್ಲಿ ನೋಡಬೇಕೆಂದು ಯಂತ್ರಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ. ಆ ದಾರಿಯನ್ನೂ ಬರೆದು ಕೊಟ್ಟಳು.

ಇಷ್ಟಾದ ಮೇಲೆ ಹಳೆಯ ಡಿಸ್ಕಿನ ಕಡತಗಳ ನಕಲೊಂದನ್ನು ಅದರ ಮುಂದಿಟ್ಟು ಚಾಲೂ ಮಾಡಿದಳು. ಒಂದೇ ಒಂದು ಸಾಲು ಬಂತು. ಕಡತಗಳ ಮೂಲ ದಾಖಲೆಯ ತಾಳೆ ತಪ್ಪಾಗಿದೆ ಎಂದು.

ತಾಳೆ ತಪ್ಪಿದೆ ಎಂದರೆ ಕಡತಗಳೇ ಹಾಳಾಗಿವೆ ಎಂದು ಸುಮನಾ ಅರ್ಥ ಮಾಡಿಕೊಂಡಳು. ವಾರ್ಡಿನಲ್ಲಿ ಅಂದು ಬಂದಿದ್ದ ಮಕ್ಕಳು ಟಿವಿ ನೋಡುತ್ತಾ ರಕ್ತ ಏರಿಸಿಕೊಳ್ಳುತ್ತಿದ್ದರು. ಅವರ ತಾಯಂದಿರ ಮುಖ ನೋಡಲಾರದೆ ಹಿಂಬಾಗಿಲಿನಿಂದ ಹೊರಗೆ ಹೋಗಿ ನಿಂತಳು. ಮಗಳ ನೆನಪೂ ಬಂತು. ಆ ಕಡತಗಳ ಜೊತೆಗೆ ಅವಳದ್ದೂ ಹೋಯಿತಲ್ಲ ಎನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮರುದಿನ ಅರ್ಧ ದಿನ ರಜೆ ಹಾಕಿ ಭದ್ರಾವತಿಗೆ ಹೋದಳು. ನ್ಯೂ ಟೌನಿನ ಮನೆಯಲ್ಲಿ ವಾದಿರಾಜರು ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಗಡ್ಡವನ್ನು ಹೆಂಡತಿ ಸುಬ್ಬಲಕ್ಷ್ಮಿಯೇ ಹೆರೆದಿರಬೇಕು, ಅಲ್ಲಲ್ಲಿ ಬಿಳಿ ಕೂದಲು ಉಳಿದಿತ್ತು. ಸುಮನಾಳನ್ನು ಕಂಡು ಅವರ ಮುಖ ಅರಳಿತು. "ಹೌದು, ಹೌದು," ಎಂದರು. ಅವರಲ್ಲಿ ಉಳಿದಿದ್ದ ಮಾತು ಅದೊಂದೇ.

ಸುಮನಾ ಆದದ್ದನ್ನೆಲ್ಲ ಹೇಳಿದಳು. ಅವರು ಕಣ್ಣು ಮಿಟುಕಿಸದೆ ಕೇಳಿದರು. ಅವಳು ಆ ಕೊನೆಯ ಸಾಲನ್ನು ಹೇಳಿದ್ದೇ ತಡ, ಎಡಗೈ ಎತ್ತಿ, "ಹೌದು, ಹೌದು, ಹೌ—" ಎಂದು ಏನನ್ನೋ ಹೇಳಲು ಹೆಣಗಿದರು. ತುಟಿ ಸೊಟ್ಟಗಾಯಿತು. ಮಾತು ಬರಲಿಲ್ಲ. ಹಾಸಿಗೆಯನ್ನು ಎರಡು ಸಲ ಗುದ್ದಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅತ್ತುಬಿಟ್ಟರು.

"ಬೇಡ ಸಾರ್, ಬಿಡಿ. ನಾನೇ ನೋಡ್ಕೋತೀನಿ. ಸುಮ್ನೆ ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದು ಸುಮನಾ ಅವರ ಕೈ ಹಿಡಿದುಕೊಂಡಳು. ಅಷ್ಟು ದೂರ ಬಂದು, ಹೇಳಲಾರದವರನ್ನು ಕೇಳಿ ನೋಯಿಸಿದೆನಲ್ಲ ಎಂದು ಅವಳಿಗೆ ಸಂಕಟವಾಯಿತು.

ಹೊರಡುವಾಗ ಸುಬ್ಬಲಕ್ಷ್ಮಿ ಗೇಟಿನವರೆಗೆ ಬಂದರು. "ಆ ಕಂಪ್ಯೂಟರ್ ಇಷ್ಟು ವರ್ಷ ಬಾಳಿದ್ದೇ ಹೆಚ್ಚು ಕಣಮ್ಮ. ಕಾರ್ಖಾನೆಯವ್ರು ಗುಜರಿಗೆ ಹಾಕಿದ್ದನ್ನ ಇವ್ರು ಆಟೋದಲ್ಲಿ ಹೊತ್ಕೊಂಡು ಬಂದಿದ್ರು. ಆಗ್ಲೇ ಅದು ಮುದಿ. ನಾನು ಬೈದಿದ್ದೆ."

ಶಿವಮೊಗ್ಗದ ಬಸ್ಸಿನಲ್ಲಿ ಕೂತಾಗ ಸುಮನಾಳಿಗೆ ಆ ಮಾತಿನ ಅರ್ಥ ಥಟ್ಟನೆ ಹೊಳೆಯಿತು. ಆಗಲೇ ಮುದಿಯಾಗಿದ್ದ ಯಂತ್ರ ಎಂದರೆ ಅದು ಮೂವತ್ತೆರಡು ಬಿಟ್‌ನದು. ಹೊಸದು ಒಂದೇ ಸಲಕ್ಕೆ ಅದರ ಎರಡರಷ್ಟು ಓದುವ ಅರವತ್ತನಾಲ್ಕರದು. ಆವೃತ್ತಿ ಒಂದೇ ಆದರೂ ಎರಡೂ ಕಡತಗಳನ್ನು ಬರೆದಿಡುವ ರೀತಿ ಬೇರೆ. ಕಡತ ಹಾಳಾಗಿರಲಿಲ್ಲ. ತಾನು ಕಟ್ಟಿದ ತಂತ್ರಾಂಶಕ್ಕೆ ಅದನ್ನು ಓದಲು ಬರುತ್ತಿರಲಿಲ್ಲ.

ಕೇಂದ್ರಕ್ಕೆ ಬಂದವಳೇ ಮೂವತ್ತೆರಡು ಬಿಟ್‌ಗೆಂದು ಮತ್ತೆ ಕಟ್ಟಲು ಶುರುಮಾಡಿದಳು. ಹಳೆಯ ತಕರಾರುಗಳೆಲ್ಲ ಮತ್ತೆ ಎದ್ದವು. ಮೊನ್ನೆ ಹಾಕಿದ ಲೈಬ್ರರಿಗಳು ಇದ್ದಲ್ಲೇ ಇದ್ದರೂ, ಯಂತ್ರ ಅವು ಹೊಂದುವುದಿಲ್ಲವೆಂದು ದಾಟಿಕೊಂಡು ಹೋಗಿ, ಕೊನೆಗೆ ಯಾವುದೂ ಸಿಗಲಿಲ್ಲ ಎಂದಿತು. ಎಲ್ಲಕ್ಕೂ ಮೂವತ್ತೆರಡರ ಜೋಡಿಯೇ ಬೇಕು. ಜೆಡ್‌ಲಿಬ್‌ನದು ಸಿಕ್ಕಿತು. ರೀಡ್‌ಲೈನ್‌ನದು ಏನು ಮಾಡಿದರೂ ಹೊಂದಲಿಲ್ಲ. ಅದು ಇಲ್ಲದಿದ್ದರೆ ಟೈಪು ಮಾಡುವಾಗ ಹಿಂದಿನ ಸಾಲಿಗೆ ಹೋಗಲು ಬರುವುದಿಲ್ಲ, ಬೇರೆ ತೊಂದರೆಯಿಲ್ಲ. ಅದನ್ನು ಬಿಟ್ಟೇ ಕಟ್ಟುವಂತೆ ಹೇಳಿದಳು. ಮಾರನೆಯ ದಿನ ಊಟದ ಹೊತ್ತಿಗೆ ಹಳೆಯ ಡೇಟಾಬೇಸು ಎದ್ದು ಕೂತಿತು.

ಮೊದಲು ಸುಬ್ಬಲಕ್ಷ್ಮಿಗೆ ಫೋನು ಮಾಡಿದಳು. ಅವರು ಫೋನನ್ನು ಗಂಡನ ಕಿವಿಗೆ ಹಿಡಿದರು. "ಸಾರ್, ಬಂತು. ಎಲ್ಲಾ ಮಕ್ಕಳದ್ದೂ ಬಂತು," ಎಂದಳು. ಆ ಕಡೆಯಿಂದ "ಹೌದು, ಹೌದು," ಎಂದು ಕೇಳಿಸಿತು.

ಪ್ರಿಯಂವದಾ ಮೇಡಂ ಖುಷಿಯಿಂದ ಅವಳ ಭುಜ ತಟ್ಟಿದರು. "ಇವೆಲ್ಲ ಹೊಸ ಸಿಸ್ಟಮ್ಮಿಗೆ ಹೋಗ್ಲಿ. ಈಗ ಬರ್ತಿರೋ ಮಕ್ಕಳದ್ದು ಮಾತ್ರ ಸಾಕು. ತೀರಿಕೊಂಡವ್ರದ್ದೆಲ್ಲ ಇಟ್ಕೊಳ್ಳೋ ಅವಧಿ ಮುಗಿದಿದೆ. ರೋಗಿಗಳ ವಿವರ ಅಲ್ವಾ, ಹಳೇ ಡಿಸ್ಕನ್ನೂ ಪೂರ್ತಿ ಅಳಿಸಿಬಿಡು..." ಎನ್ನುತ್ತಿದ್ದವರು ಥಟ್ಟನೆ ಮಾತು ನಿಲ್ಲಿಸಿದರು. "ಅಯ್ಯೋ ಸುಮನಾ. ನಾನು ಯೋಚ್ನೆನೇ ಮಾಡ್ಲಿಲ್ಲ."

"ಪರವಾಗಿಲ್ಲ ಮೇಡಂ. ನಿಯಮ ಅಂದ್ರೆ ನಿಯಮ."

"ಸೋಮವಾರದವರೆಗೂ ಹಂಗೇ ಇರ್ಲಿ. ಆಮೇಲೆ ಅಳಿಸು."

ಸುಮನಾ ಕೂತು ಕಂಪ್ಯೂಟರಿಗೆ ಕೊಡುವ ಆದೇಶವನ್ನು ಬರೆದಳು. ಸ್ಥಿತಿಯ ಕಾಲಮಿನಲ್ಲಿ ಆ ಒಂದು ಅಕ್ಷರ ಇರುವವರನ್ನು ಬಿಟ್ಟು, ಮಿಕ್ಕವರನ್ನೆಲ್ಲ ಹೊಸದಕ್ಕೆ ಸಾಗಿಸಬೇಕು. ಬರೆದು ಮುಗಿಸಿದ ಮೇಲೆ ಗುಂಡಿ ಒತ್ತಲು ಆಗಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಆಮೇಲೆ ಒತ್ತಿದಳು. ಮಕ್ಕಳೆಲ್ಲ ಹೊಸದಕ್ಕೆ ಬಂದರು. ಯಾರಿಗೆ ಯಾವುದು ಒಗ್ಗದೆಂಬುದನ್ನು ಒಂದೊಂದಾಗಿ ತಾಳೆ ನೋಡಿದಳು. ಒಂದೂ ತಪ್ಪಿರಲಿಲ್ಲ.

ಆ ಸಂಜೆ ಉಜ್ಜನಪ್ಪ ಕೈಕಾಲು ತೊಳೆದು ಬಂದು ಊಟಕ್ಕೆ ಕೂತಾಗ ಸುಮನಾ ಹಳೆಯ ಕಂಪ್ಯೂಟರು ಸರಿಹೋದ ವಿಷಯ ಹೇಳಿದಳು. ಇಂಥದ್ದಕ್ಕೆಲ್ಲ ಹೂಂಗುಟ್ಟಿ ಸುಮ್ಮನಾಗುವವನು ಅವತ್ತು ತಲೆಯೆತ್ತಿ ಕೇಳಿದ.

"ಅದ್ರಲ್ಲಿ... ತನೂದು ಇತ್ತಾ?"

ಎಷ್ಟೋ ವರ್ಷಗಳ ಮೇಲೆ ಅವನ ಬಾಯಲ್ಲಿ ಆ ಹೆಸರು ಕೇಳಿ ಸುಮನಾ ಸಾರಿನ ಸೌಟನ್ನು ಕೆಳಗಿಟ್ಟಳು.

"ಇತ್ತು ಕಣ್ರೀ. ಹೊಸದಕ್ಕೆ ಕಳಿಸ್ಲಿಲ್ಲ. ಸೋಮವಾರ ಅಳಿಸ್ತೀನಿ."

ಅವನು ತಟ್ಟೆಯ ಮುಂದಿನಿಂದ ಎದ್ದು ಹಿತ್ತಿಲಿಗೆ ಹೋದ. ಕೈ ತೊಳೆದು ಬಂದು, "ನಂಗೆ ಒಂದ್ಸಲ ತೋರಿಸ್ತೀಯಾ?" ಎಂದ.

ಭಾನುವಾರ ಬೆಳಿಗ್ಗೆ ಮೇಡಂಗೆ ಹೇಳಿ ಇಬ್ಬರೂ ಕೇಂದ್ರಕ್ಕೆ ಹೋದರು. ಸುಮನಾ ಪರದೆಯ ಮೇಲೆ ಮಗಳ ದಾಖಲೆ ತಂದಳು. ಉಜ್ಜನಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಕುರ್ಚಿಯ ತುದಿಯಲ್ಲಿ ಕೂತು, "ಓದು," ಎಂದ.

ಅವಳು ಓದತೊಡಗಿದಳು. ಇಸವಿ, ತಾರೀಖು, ರಕ್ತದ ಚೀಲದ ನಂಬರು. ಎಡಗೈಯಲ್ಲಿ ನರ ಸುಲಭ. ಚಳಿ ಬಂತು, ಅರ್ಧಕ್ಕೆ ನಿಲ್ಲಿಸಲಾಯಿತು. ಬಲಗೈ ಪ್ರಯತ್ನಿಸಬೇಡಿ.

"ಚಳಿ ಬಂದಿದ್ದು ನಂಗೆ ಜ್ಞಾಪಕ ಇದೆ," ಎಂದ ಉಜ್ಜನಪ್ಪ. "ನನ್ನ ಟವೆಲ್ ಹೊದಿಸಿದ್ದೆ. ಅಡಿಕೆ ವಾಸ್ನೆ ಬರುತ್ತೆ ಅಂತ ಬೈದಿದ್ಲು."

"ಬೈತಿದ್ಲು. ಆಮೇಲೆ ಅದೇ ಟವೆಲ್ ಬೇಕು ಅಂತಿದ್ಲು."

"ಮುಂದಕ್ಕೆ ಓದು."

ಒಂದೊಂದು ಸಾಲಿಗೂ ಅವನಿಗೆ ಏನಾದರೂ ನೆನಪಾಗುತ್ತಿತ್ತು. ಒಂದು ದಿನ ರಕ್ತ ಏರಿಸಿಕೊಂಡು ಹೊರಬಂದವಳು ಬಸ್‌ಸ್ಟ್ಯಾಂಡಿನ ತನಕ ಓಡಿದ್ದು. ಪಕ್ಕದ ಮಂಚದ ಹುಡುಗಿಯ ಜಡೆಗೆ ತನ್ನ ಕ್ಲಿಪ್ಪು ಹಾಕಿ ಕೊಟ್ಟು ಬಂದದ್ದು. ತನ್ನಿಂದಲೇ ಅವಳಿಗೆ ಹೀಗಾಯಿತು ಎಂದು ತಾನು ಇಷ್ಟು ವರ್ಷ ಮಾತಾಡದೆ ಇದ್ದದ್ದನ್ನೂ ಅವನು ಹೇಳಿದ. "ನಾನೂ ಹಂಗೇ ಅಂದ್ಕೊಂಡಿದ್ದೆ," ಎಂದಳು ಸುಮನಾ. ಇಬ್ಬರೂ ಅತ್ತರು. ಅತ್ತು, ಮತ್ತೆ ಓದಿದರು.

ಕೊನೆಯ ಸಾಲು ಬರುವ ಹೊತ್ತಿಗೆ ಉಜ್ಜನಪ್ಪ ಅವಳ ಕೈ ಹಿಡಿದ. "ಅದೊಂದು ಬೇಡ. ಅದು ನಂಗೆ ಗೊತ್ತು."

ಸುಮನಾ ಪರದೆಯನ್ನು ಆರಿಸಿದಳು. ಸೋಮವಾರ ಬೆಳಿಗ್ಗೆ, ವಾರ್ಡಿನ ಬಾಗಿಲು ತೆರೆಯುವ ಮುಂಚೆ, ಹಳೆಯ ಡಿಸ್ಕನ್ನೂ ಅದರ ನಕಲನ್ನೂ ತನ್ನ ಕೈಯಾರೆ ಪೂರ್ತಿ ಅಳಿಸಿದಳು.