ಎಡಗಾಲು ಮೊದಲಿಟ್ಟ ಕರಡಿ

ಬೆಳಗಿನ ಐದು ಗಂಟೆ. ಬೇಕರಿಯ ಹಿಂದಿನ ಕೋಣೆಯಲ್ಲಿ ಎರಡು ಒಲೆಗಳು ಉರಿಯುತ್ತಿವೆ. ಒಂದರ ಮುಂದೆ ನಿಂತ ಬೇಕರಿಯವರು ಬನ್ನಿಗೆ ತುಂಬುವ ಕ್ರೀಮು ತಿರುವುತ್ತಿದ್ದಾರೆ. ಇನ್ನೊಂದರ ಮುಂದೆ ಅವರ ಹೆಂಡತಿ ಪುಸ್ತಕಕ್ಕೆ ಹಚ್ಚುವ ಅಂಟು ಕಾಯಿಸುತ್ತಿದ್ದಾರೆ. ಮೈದಾ ಹಿಟ್ಟು, ನೀರು, ಹುಳು ಬಾರದಂತೆ ನಾಲ್ಕು ಲವಂಗ, ಇಷ್ಟೇ ಅದರ ಸಾಮಾನು. ಗಡಿಯಾರದ ಕಡೆಗೆ ಅವರು ನೋಡುವುದೇ ಇಲ್ಲ. ತಾಯಿಯಿಂದ ಕಲಿತ ಹಳೆಯ ಜನಪದ ಹಾಡೊಂದನ್ನು ಗುನುಗುತ್ತ ಸೌಟು ಆಡಿಸುತ್ತಾರೆ. ಹಾಡಿಗೆ ಹನ್ನೊಂದು ನುಡಿ. ಹನ್ನೊಂದನೆಯದು ಮುಗಿಯುವ ಹೊತ್ತಿಗೆ ಅಂಟು ಹದಕ್ಕೆ ಬಂದಿರಬೇಕು. ಒಂದು ನುಡಿ ಮರೆತರೆ ನೀರು ನೀರು, ಒಂದು ನುಡಿ ಹೆಚ್ಚಾದರೆ ಗಂಟು ಗಂಟು.

ಎರಡು ಪಾತ್ರೆಗಳೂ ನೋಡಲು ಅವಳಿ ಜವಳಿ. ಮದುವೆಯಾದ ಹೊಸದರಲ್ಲಲ್ಲ, ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೂ ಒಂದು ಬೆಳಿಗ್ಗೆ ಬೇಕರಿಯವರು ನಿದ್ದೆಗಣ್ಣಿನಲ್ಲಿ ಹೆಂಡತಿಯ ಪಾತ್ರೆಗೆ ಕೈಹಾಕಿ, ಎರಡು ಡಜನ್ ಬನ್ನಿಗೆ ಅಂಟು ತುಂಬಿ ಮಾರಿದ್ದರು. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ಗಿರಾಕಿಯೊಬ್ಬರು ಬಂದು ನಿನ್ನೆಯ ಲವಂಗದ ಬನ್ನೇ ಬೇಕು ಎಂದು ಪಟ್ಟು ಹಿಡಿದರಂತೆ. ಈ ಕಥೆ ಹೇಳುವಾಗ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಗಂಡ ಮಾತ್ರ ಒಲೆಯ ಉರಿ ನೋಡುವ ನೆಪದಲ್ಲಿ ಬಗ್ಗುತ್ತಾರೆ.

ಈ ನಗುವ ಹೆಂಗಸಿಗೆ ಐವತ್ತೆಂಟು ವರ್ಷ. ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಹರಿದ ಪುಸ್ತಕಗಳನ್ನು ರಿಪೇರಿ ಮಾಡುವುದು ಕೆಲಸ. ಹಾಜರಿ ಪುಸ್ತಕದಲ್ಲಿ ಏನೋ ಒಂದು ಹೆಸರಿದೆ. ಊರಿಗೆ ಮಾತ್ರ ಅವರು ಅಂಟತ್ತೆ. ಇಪ್ಪತ್ತಾರು ವರ್ಷಗಳಿಂದ ಪುಸ್ತಕ ಉಳಿಸುತ್ತ ಬಂದ ಈ ಕೈಗೆ ಕಳೆದ ತಿಂಗಳು ಒಂದು ಪುಟ ಕಿತ್ತು ತೆಗೆಯಬೇಕೆಂಬ ಆದೇಶ ಬಂದಿತ್ತು. ಕಿತ್ತುಹಾಕಬೇಕಾಗಿದ್ದದ್ದು ಅವರೇ ಬರೆದ ಪುಟ.

ಅವರ ಕೋಣೆ ಗ್ರಂಥಾಲಯದ ಮೆಟ್ಟಿಲ ಕೆಳಗಿದೆ. ಎತ್ತರದವರು ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಂದು ಉದ್ದನೆಯ ಮೇಜು, ಒಂದು ಕಬ್ಬಿಣದ ಪ್ರೆಸ್ಸು, ಗೋಡೆಗೆ ನೇತುಹಾಕಿದ ದಾರದ ಉಂಡೆಗಳು. ದಿನಕ್ಕೆ ಹದಿನಾಲ್ಕು ಪುಸ್ತಕ ಅವರ ಲೆಕ್ಕ. ಅದರಲ್ಲಿ ಒಂಬತ್ತು ಹತ್ತು ಕಾಮಿಕ್ಸುಗಳೇ. ಕಾಮಿಕ್ಸ್ ಹರಿಯುವ ರೀತಿಯೇ ಬೇರೆ ಎನ್ನುತ್ತಾರೆ ಅಂಟತ್ತೆ. ಪಾಠದ ಪುಸ್ತಕದ ಮೊದಲ ಪುಟಗಳು ಹರಿಯುತ್ತವೆ, ಯಾಕೆಂದರೆ ಮುಂದೆ ಯಾರೂ ಹೋಗುವುದಿಲ್ಲ. ಕಾಮಿಕ್ಸಿನಲ್ಲಿ ಹರಿಯುವುದು ಕೊನೆಯ ಪುಟ, ಏಕೆಂದರೆ ಇಬ್ಬರು ಒಟ್ಟಿಗೆ ಎಳೆದಾಡುತ್ತಾರೆ.

ಮೊದಲು ಅವರು ಬಂದದ್ದು ಕಸ ಗುಡಿಸಲು. ಮೆಟ್ಟಿಲ ಕೆಳಗೆ ಆಗ ಒಬ್ಬ ವಯಸ್ಸಾದ ಬೈಂಡರು ಕೂರುತ್ತಿದ್ದರು. ಅವರ ಕಣ್ಣು ಮಂಜಾಗುತ್ತ ಬಂದಂತೆ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ಇವರ ಪಾಲಿಗೆ ಬಂತು. ದಾರದಿಂದ ಹೊಲಿಗೆ, ಹೊಲಿಗೆಯಿಂದ ಅಂಟು, ಅಂಟಿನಿಂದ ಪ್ರೆಸ್ಸು. ಬೈಂಡರು ಹೋಗುವಾಗ ಒಂದೇ ಒಂದು ಪಾಠ ಹೇಳಿ ಹೋದರು: ಕಣ್ಣಿಗೆ ಕಂಡರೆ ಅದು ರಿಪೇರಿಯಲ್ಲ. ಆ ಮಾತನ್ನು ಅಂಟತ್ತೆ ಚಾಚೂ ತಪ್ಪದೆ ಪಾಲಿಸಿದರು. ನೀರಿನಲ್ಲೇ ಇರುವ ಬೆರಳು ಒಡೆದು ಚಳಿಗಾಲದಲ್ಲಿ ಸೂಜಿ ಹಿಡಿಯಲಾಗದ ದಿನಗಳಿದ್ದವು. ಹನ್ನೊಂದು ವರ್ಷ ಕೆಲಸ ಕಾಯಂ ಆಗಲಿಲ್ಲ. ಕೆಲಸ ಕಣ್ಣಿಗೆ ಕಾಣದಿದ್ದರೆ ಕೆಲಸ ಮಾಡುವವರೂ ಕಾಣುವುದಿಲ್ಲವಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ ಅವರ ಮೇಜಿಗೆ ಬಂದದ್ದು ಡೋಲು ಕರಡಿಯ ಕಥೆ. ಮೂವತ್ತೆರಡು ಪುಟದ ಕಾಮಿಕ್ಸ್. ಹೆಗಲಿಗೆ ಡೋಲು ಹಾಕಿಕೊಂಡ ಕರಡಿಯೊಂದು ಜನ ಕೈಕೈ ಹಿಡಿದು ಸುತ್ತು ಕುಣಿಯುವ ಬಯಲಿಗೆ ಬರುತ್ತದೆ. ಅದರ ಹೆಜ್ಜೆ ತಪ್ಪು ಎಂದು ಎಲ್ಲರೂ ಅದನ್ನು ಓಡಿಸುತ್ತಾರೆ. ಕಾಡು, ಹೊಳೆ, ಬೆಟ್ಟ ಸುತ್ತಿ ಮೂವತ್ತನೇ ಪುಟದಲ್ಲಿ ಕರಡಿ ಮತ್ತೆ ಅದೇ ಬಯಲಿನ ನಡುವೆ ನಿಂತು ಕಾಲೆತ್ತುತ್ತದೆ. ಮುಂದಿನ ಪುಟ ಇರಲಿಲ್ಲ.

"ಕಾಲೆತ್ತಿ ನಿಂತುಬಿಟ್ಟಿದೆ ಪಾಪ. ಇಳಿಸೋರೇ ಇಲ್ಲ," ಎಂದು ಅಂಟತ್ತೆ ಇವತ್ತಿಗೂ ಮರುಗುತ್ತಾರೆ. "ಮಾರನೇ ದಿನ ಮಕ್ಕಳಿಗೆ ಪುಸ್ತಕ ಕೊಡಬೇಕಿತ್ತು. ಹಾಗೇ ಕೊಡೋಕೆ ನನಗೆ ಮನಸ್ಸು ಬರಲಿಲ್ಲ."

ಕೇಕಿನ ಮೇಲೆ ಕ್ರೀಮಿನಲ್ಲಿ ಚಿತ್ರ ಬರೆದು ಪಳಗಿದ ಕೈ ಅದು. ಅಂದು ಸಂಜೆ ಬೇಕರಿಯ ಮೇಜಿನ ಮೇಲೆ ಅವರು ಕೊನೆಯ ಪುಟ ಬರೆದರು. ಗುಂಪಿನಿಂದ ಒಬ್ಬ ಅಜ್ಜಿ ಹೊರಬಂದು ಕರಡಿಯ ಕೈ ಹಿಡಿದು ಅದರ ತಪ್ಪು ಹೆಜ್ಜೆಯನ್ನೇ ತಾನೂ ಹಾಕುತ್ತಾಳೆ. ಆಮೇಲೆ ಇನ್ನೊಬ್ಬಳು, ಆಮೇಲೆ ಇಡೀ ಊರು. ಮಕ್ಕಳಿಗೆ ತಿಳಿಯಲೆಂದು ಯಾವ ಹೆಜ್ಜೆಯ ನಂತರ ಯಾವುದು ಎಂದು ಆರು ಚೌಕಗಳಲ್ಲಿ ಪಾದ ಬರೆದು ಅಂಕಿಯನ್ನೂ ಹಾಕಿದರು. ಹೆಜ್ಜೆಗಳೆಲ್ಲ ಅವರ ತಾಯಿ ಕುಣಿಯುತ್ತಿದ್ದ ಕುಣಿತದವು. ತಾಯಿಯ ಕುಣಿತ ಬಲಗಾಲಿನಿಂದ ಶುರುವಾಗುತ್ತಿತ್ತು.

ಎಡವಟ್ಟಾದದ್ದು ಇಲ್ಲೇ. ಕೇಕಿಗೆ ಚಿತ್ರ ಇಳಿಸುವಾಗ ತೆಳು ಕಾಗದದ ಮೇಲೆ ಬರೆದು, ಅದನ್ನು ಕೇಕಿನ ಮೇಲೆ ಬೋರಲು ಹಾಕಿ ಒತ್ತುತ್ತಾರೆ. ಅಂಟತ್ತೆ ಪುಸ್ತಕಕ್ಕೂ ಹಾಗೆಯೇ ಮಾಡಿದರು. ತೆಳು ಕಾಗದದ ಪೆನ್ಸಿಲ್ ಚಿತ್ರವನ್ನು ದಪ್ಪ ಹಾಳೆಯ ಮೇಲೆ ಬೋರಲು ಹಾಕಿ, ಬೆನ್ನನ್ನು ಚಮಚದಿಂದ ಉಜ್ಜಿದರು. ಕೇಕಿನ ಗುಲಾಬಿಗೆ ಎಡಬಲ ಇಲ್ಲ. ಕುಣಿಯುವ ಕರಡಿಗೆ ಇದೆ. ಇಡೀ ಪುಟ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕೂತಿತು. ಮಾತು ಮತ್ತು ಅಂಕಿಗಳನ್ನು ಆಮೇಲೆ ನೇರವಾಗಿ ಬರೆದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮೂವತ್ತು ಪುಟ ಎಡಹೆಗಲಲ್ಲಿದ್ದ ಡೋಲು ಮೂವತ್ತೊಂದನೆಯದರಲ್ಲಿ ಬಲಹೆಗಲಿಗೆ ಹೋಗಿತ್ತು. ಮಕ್ಕಳು ಅದಕ್ಕೂ ಕಾರಣ ಕಂಡುಕೊಂಡರು: ಅಷ್ಟು ದೂರ ನಡೆದ ಕರಡಿಗೆ ಹೆಗಲು ನೋಯುವುದಿಲ್ಲವೇ?

ಆಮೇಲೆ ನಡೆದದ್ದು ಊರಿಗೇ ಗೊತ್ತು. ಮಕ್ಕಳು ಪುಸ್ತಕವನ್ನು ನೆಲದ ಮೇಲೆ ತೆರೆದಿಟ್ಟು ಪಾದದ ಗುರುತು ನೋಡಿಕೊಂಡು ಎಡಗಾಲು ಮೊದಲಿಟ್ಟು ಕುಣಿದರು. ಶಾಲೆಯಲ್ಲಿ ಕುಣಿದರು, ಮದುವೆ ಮನೆಗಳಲ್ಲಿ ಕುಣಿದರು. ದೊಡ್ಡವರು ಬಲಕ್ಕೆ, ಚಿಕ್ಕವರು ಎಡಕ್ಕೆ. ಸುತ್ತು ಕುಣಿತದಲ್ಲಿ ಭುಜಕ್ಕೆ ಭುಜ ಬಡಿದು ಎಷ್ಟೋ ಬಳೆಗಳು ಪುಡಿಯಾದವು. ಹತ್ತು ವರ್ಷ ಜಗ್ಗಾಡಿ ಕೊನೆಗೆ ದೊಡ್ಡವರೇ ಸೋತರು. ಅಕ್ಕಪಕ್ಕದ ಊರಿನವರು ಈಗ ಇವರನ್ನು ಎಡಗಾಲಿನವರು ಎಂದೇ ಕರೆಯುತ್ತಾರೆ. ಅದಕ್ಕೆ ಕಾರಣ ಒಂದು ಚಮಚ ಎಂಬುದು ಮಾತ್ರ ಒಬ್ಬರಿಗೇ ಗೊತ್ತಿತ್ತು, ಅವರು ಬಾಯಿ ಬಿಡಲಿಲ್ಲ.

ಎಂಟು ತಿಂಗಳ ಹಿಂದೆ ಗ್ರಂಥಾಲಯಕ್ಕೆ ಹೊಸ ಮುಖ್ಯಸ್ಥೆ ಬಂದರು. ಶಿಸ್ತಿನ ಹೆಂಗಸು, ಪುಸ್ತಕವೆಂದರೆ ಪ್ರಾಣ. ಯಾರೋ ದಾನ ಕೊಟ್ಟ ಪೆಟ್ಟಿಗೆಯಲ್ಲಿ ಡೋಲು ಕರಡಿಯ ಇನ್ನೊಂದು ಪ್ರತಿ ಸಿಕ್ಕಿತು, ಪೂರ್ತಿ ಪುಟಗಳಿದ್ದದ್ದು. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅಂಟತ್ತೆಯನ್ನು ಕರೆಸಿ ಕೇಳಿದರು. ಅಂಟತ್ತೆ ಒಂದನ್ನೂ ಮುಚ್ಚಿಡದೆ ಹೇಳಿದರು. ಅಚ್ಚಾದದ್ದನ್ನು ಅಚ್ಚಾದಂತೆ ಓದುಗರಿಗೆ ಕೊಡುವುದು ಗ್ರಂಥಾಲಯದ ಧರ್ಮ, ಇವತ್ತು ಒಂದು ಪುಟ ಬಿಟ್ಟರೆ ನಾಳೆ ಯಾರು ಯಾವುದನ್ನು ಬದಲಿಸುತ್ತಾರೋ ಎಂದರು ಮುಖ್ಯಸ್ಥೆ. ಭಾನುವಾರ ಓದುಗರ ಸಮಿತಿಯ ಎದುರು ಅಂಟತ್ತೆಯೇ ಆ ಪುಟ ತೆಗೆಯಬೇಕು. ರಿಪೇರಿ ಕೆಲಸದಲ್ಲಿ ಅವರನ್ನು ಮುಂದುವರಿಸುವುದೋ ಬೇಡವೋ ಎಂಬುದನ್ನೂ ಅಂದೇ ತೀರ್ಮಾನಿಸುವುದು.

"ಮೇಡಂ ಹೇಳಿದ್ದರಲ್ಲಿ ತಪ್ಪೇನಿಲ್ಲ," ಎನ್ನುತ್ತಾರೆ ಅಂಟತ್ತೆ. "ಇರೋದನ್ನ ಉಳಿಸೋದು ನನ್ನ ಕೆಲಸ. ಇಲ್ಲದ್ದನ್ನ ಹುಟ್ಟಿಸೋಕೆ ನನಗೆ ಯಾರು ಹೇಳಿದ್ದರು? ಆದ್ರೂ ಆ ವಾರ ಅಂಟು ನಾಲ್ಕು ದಿನ ಗಂಟಾಯ್ತು. ಹಾಡು ಮಧ್ಯದಲ್ಲೇ ಮರೆತುಹೋಗ್ತಿತ್ತು."

ಭಾನುವಾರ ಬೆಳಿಗ್ಗೆ ಓದುವ ಕೋಣೆಯಲ್ಲಿ ಐದು ಜನ ಸಮಿತಿಯವರು ಇರಬೇಕಿತ್ತು. ಬಂದವರು ಅರವತ್ತೇಳು ಜನ. ಸುದ್ದಿ ಹಬ್ಬಿಸಿದ್ದು ಸಿಟಿ ಬಸ್ಸಿನ ಡ್ರೈವರು. ಒಂಬತ್ತು ವರ್ಷದವನಿದ್ದಾಗ ಈ ಪುಸ್ತಕವನ್ನು ಸತತ ಏಳು ಸಲ ಮನೆಗೆ ಒಯ್ದು ಬೈಸಿಕೊಂಡಿದ್ದವರು. ಈಗ ಬಿಡುವಿದ್ದಾಗ ಡೋಲು ಬಾರಿಸುತ್ತಾರೆ. ಸ್ಟಾಪು ಸ್ಟಾಪಿನಲ್ಲೂ ಹೇಳಿಕೊಂಡು ಬಂದಿದ್ದರು. ಪುಸ್ತಕದ ಹಿಂದೆ ಒಂದರ ಮೇಲೊಂದು ಅಂಟಿಸಿದ ತಾರೀಖಿನ ಚೀಟಿಗಳನ್ನು ಅವರೇ ಎಣಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು: ಆರುನೂರ ಹನ್ನೊಂದು ಸಲ ಈ ಕರಡಿ ಯಾರದೋ ಮನೆಗೆ ಹೋಗಿ ಬಂದಿದೆ.

ಅಂಟತ್ತೆ ಯಾರ ಮುಖವನ್ನೂ ನೋಡಲಿಲ್ಲ. ಪುಸ್ತಕ ತೆರೆದು, ಪುಟ ಅಂಟಿದ್ದ ಕಡೆ ಒದ್ದೆ ಬಟ್ಟೆ ಇಟ್ಟರು. ಅವರ ಅಂಟು ನೀರು ತಾಗಿದರೆ ಅರ್ಧ ಗಂಟೆಯಲ್ಲಿ ಬಿಡುತ್ತದೆ. ಮುಂದೆ ಬರುವ ರಿಪೇರಿಯವರಿಗೆ ತೊಂದರೆಯಾಗಬಾರದೆಂದು ಬೇಕೆಂದೇ ಹಾಗೆ ಮಾಡುತ್ತಾರೆ. ಕಾಯುವ ಆ ಅರ್ಧ ಗಂಟೆಯಲ್ಲಿ ನಿಜವಾದ ಕೊನೆಯ ಪುಟ ಯಾವುದೆಂದು ಎಲ್ಲರೂ ಕೇಳಲಿ ಎಂದು ಮುಖ್ಯಸ್ಥೆ ದಾನವಾಗಿ ಬಂದ ಪ್ರತಿಯನ್ನು ಗಟ್ಟಿಯಾಗಿ ಓದಿದರು. ಅದರಲ್ಲಿ ಕರಡಿ ತನ್ನ ತಪ್ಪಿಗೆ ಕ್ಷಮೆ ಕೇಳುತ್ತದೆ, ಡೋಲನ್ನು ಹೊಳೆಗೆ ಎಸೆಯುತ್ತದೆ, ಸರಿಯಾದ ಹೆಜ್ಜೆ ಕಲಿತು ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಪುಟ್ಟ ಹುಡುಗಿ, ಯಾರನ್ನೂ ನೋಯಿಸುವ ಉದ್ದೇಶವಿಲ್ಲದೆ, ಅನುಮಾನ ಪರಿಹಾರಕ್ಕೆಂದು ಕೇಳಿದಳು: "ಡೋಲು ಎಸೆದ ಮೇಲೆ ಅದು ಡೋಲು ಕರಡಿ ಹೇಗಾಗುತ್ತೆ ಮೇಡಂ?"

ಮುಖ್ಯಸ್ಥೆ ಪುಟವನ್ನು ಇನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಡ್ರೈವರು ಬೆರಳಿನಿಂದ ಮೇಜು ಬಡಿಯತೊಡಗಿದ್ದರು. ಮೊದಲು ಮೆಲ್ಲಗೆ, ಆಮೇಲೆ ಧಾರಾಳವಾಗಿ. ಕುರ್ಚಿಗಳು ತಾವೇ ಗೋಡೆಗೆ ಸರಿದವೋ ಎನ್ನುವ ಹಾಗೆ ನಡುವೆ ಜಾಗವಾಯಿತು. ದರ್ಜಿ, ನರ್ಸು, ಇಬ್ಬರು ಮೇಷ್ಟ್ರು, ಅಮ್ಮಂದಿರು, ಮಕ್ಕಳು ಎಲ್ಲರೂ ಕೈಕೈ ಹಿಡಿದು ಎಡಗಾಲು ಎತ್ತಿದರು. ನೆಲ ನಡುಗಿತು. ಯಾರೋ ಮುಖ್ಯಸ್ಥೆಯ ಕೈಯನ್ನೂ ಹಿಡಿದು ಎಳೆದುಕೊಂಡರು. ಬೇರೆ ಊರಿನವರಾದ ಅವರು ಅಭ್ಯಾಸದಂತೆ ಬಲಗಾಲು ಇಟ್ಟರು, ಪಕ್ಕದ ನರ್ಸಿಗೆ ಡಿಕ್ಕಿ ಹೊಡೆದರು, ಕನ್ನಡಕ ಮೂಗಿನ ತುದಿಗೆ ಬಂತು. ಎರಡನೇ ಸುತ್ತಿಗೂ ಡಿಕ್ಕಿ. ಮೂರನೇ ಸುತ್ತಿಗೆ ಅವರು ಕೆಳಗೆ ನೋಡಿಕೊಂಡು, ತುಟಿ ಕಚ್ಚಿ, ಎಡಗಾಲು ಇಟ್ಟರು. ಸುತ್ತು ಸಲೀಸಾಗಿ ತಿರುಗಿತು.

ಏದುಸಿರು ಬಿಡುತ್ತ ಅವರು ನೇರ ಅಂಟತ್ತೆಯ ಮೇಜಿಗೆ ಬಂದರು.

"ಆ ಬಟ್ಟೆ ತೆಗೀರಿ," ಎಂದರು. "ಇದನ್ನ ರಿಪೇರಿ ಅಂತ ನಾನು ಬರೆಯೋಕಾಗಲ್ಲ. ಆದ್ರೆ ಇದು ಬೇರೆ ಪುಸ್ತಕ ಅಂತ ಬರೀಬಹುದು."

ಹಾಗೆಯೇ ಆಯಿತು. ಡೋಲು ಕರಡಿಗೆ ಈಗ ಎರಡು ನಂಬರು, ಕಪಾಟಿನಲ್ಲಿ ಅಕ್ಕಪಕ್ಕ ಎರಡು ಜಾಗ. ಎರಡನೆಯದರ ಕಾರ್ಡಿನಲ್ಲಿ ಕೊನೆಯ ಪುಟ ಬರೆದವರ ಹೆಸರು ಹಾಕಬೇಕಿತ್ತು. ಪೂರ್ತಿ ಹೆಸರೇನು ಎಂದು ಮುಖ್ಯಸ್ಥೆ ಪೆನ್ನು ಹಿಡಿದು ಕೇಳಿದಾಗ ಇಡೀ ಕೋಣೆ ಒಂದೇ ದನಿಯಲ್ಲಿ ಉತ್ತರಿಸಿತು. ಕಾರ್ಡಿನಲ್ಲಿ ದುಂಡು ಅಕ್ಷರದಲ್ಲಿ ಹಾಗೆಯೇ ಇದೆ: ಅಂಟತ್ತೆ. ರಿಪೇರಿ ಕೆಲಸದ ಬಗ್ಗೆ ಸಮಿತಿ ತೀರ್ಮಾನಿಸುವುದಿತ್ತಲ್ಲ, ಅದನ್ನು ಯಾರೂ ಎತ್ತಲೇ ಇಲ್ಲ.

ಒದ್ದೆ ಬಟ್ಟೆ ತಾಗಿದ ಕಡೆ ಆ ಪುಟದ ಅಂಚು ಈಗ ಸ್ವಲ್ಪ ಸುಕ್ಕುಗಟ್ಟಿದೆ. ಪ್ರೆಸ್ಸಿಗೆ ಕೊಟ್ಟರೆ ಒಂದೇ ದಿನದಲ್ಲಿ ನೆಟ್ಟಗಾಗುತ್ತದೆ. ಅಂಟತ್ತೆ ಕೊಟ್ಟಿಲ್ಲ. ಇಪ್ಪತ್ತಾರು ವರ್ಷದಲ್ಲಿ ಕಣ್ಣಿಗೆ ಕಾಣುವ ರಿಪೇರಿ ಇದೊಂದೇ, ಇರಲಿ ಬಿಡಿ ಎನ್ನುತ್ತಾರೆ. ದಾನವಾಗಿ ಬಂದ ಪ್ರತಿಯ ಬೆನ್ನೂ ಬಿಟ್ಟಿತ್ತು. ಅದನ್ನೂ ಅಷ್ಟೇ ಅಕ್ಕರೆಯಿಂದ ಹೊಲಿದು, ಅದೇ ಲವಂಗದ ಅಂಟು ಹಚ್ಚಿ ಕಪಾಟಿಗೆ ಏರಿಸಿದ್ದಾರೆ.

ಬೇಕರಿಯಲ್ಲಿ ಹನ್ನೊಂದನೇ ನುಡಿ ಮುಗಿಯುತ್ತದೆ. ಅಂಟು ಹದಕ್ಕೆ ಬಂದಿದೆ. ಪಾತ್ರೆಗೆ ಮುಚ್ಚಳ ಹಾಕಿ, ಬಟ್ಟೆ ಸುತ್ತಿ, ಹೊರಡುವ ಮುನ್ನ ಅವರು ಒಲೆಯ ಮುಂದಿನ ಜಾಗದಲ್ಲಿ ನಿಂತು ಸೀರೆಯ ನೆರಿಗೆ ಎತ್ತಿ ಹಿಡಿದು ಏನನ್ನೋ ಶುರು ಮಾಡುತ್ತಾರೆ. ತಾಳ ಸರಿಯಾಗಿದೆ, ಹೆಜ್ಜೆ ತೊಡರುತ್ತದೆ. ಗಂಡ ಕ್ರೀಮಿನ ಪಾತ್ರೆಯಿಂದ ತಲೆಯೆತ್ತದೆಯೇ ಎಡ, ಎಡ ಎಂದು ಎಚ್ಚರಿಸುತ್ತಾರೆ. ಆ ಭಾನುವಾರ ಕುಣಿಯಲು ಎಲ್ಲರೂ ಕರೆದರೂ ಅಂಟತ್ತೆ ಮೇಜು ಬಿಟ್ಟು ಕದಲಿರಲಿಲ್ಲ. ಯಾಕೆಂದು ಈಗ ತಿಳಿಯುತ್ತದೆ. ತಾಯಿ ಕಲಿಸಿದ್ದು ಬಲಗಾಲು, ಐವತ್ತೆಂಟು ವರ್ಷವಾದರೂ ಮೊದಲು ಏಳುವುದು ಅದೇ.

"ನನಗೆ ಇನ್ನೇನೂ ಬೇಡ ರೀ," ಎನ್ನುತ್ತಾರೆ ಗಂಡನಿಗೆ, ಮತ್ತೆ ಮೊದಲಿನಿಂದ ನಿಲ್ಲುತ್ತ. "ಮುಂದಿನ ಸಲ ಕುಣಿಯೋವಾಗ ಎಡಗಾಲು ಮೊದಲು ಬಂದ್ರೆ ಸಾಕು. ಪುಟ ಬರೆದವಳೇ ಊರಿಗೆಲ್ಲ ಡಿಕ್ಕಿ ಹೊಡೆದ್ರೆ ಚೆನ್ನಾಗಿರುತ್ತಾ?"